ಬಳಚು ಆರಿಸುವ ಹಾಡು

ಅಳಿವೆಬಾಗಿಲು
ಫೆಬ್ರವರಿ 30, 2291

ಸುಗಂಧಿ ಹರಿಕಂತ್ರ ಅವರಿಗೆ ಹೊನ್ನಮ್ಮ ಅಂಬಿಗ ಮಾಡುವ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ, ಈ ಪತ್ರ ನಿಮ್ಮ ಮುಂದಿನ ಕಾಲದಿಂದ ಬರುತ್ತಿದೆ. ತಿಂಗಳುಗಳ ಏರುಪೇರು ಸಾಕಾಗಿ ನಾವು ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದೇವೆ. ನನ್ನ ಮಾತುಗಳೂ ವಿಚಿತ್ರವೆನಿಸಬಹುದು, ಕ್ಷಮಿಸಿ. ಕಂಪ್ಯೂಟರಿನಲ್ಲಿ ಅಂಕಿಅಂಶದ ಲೆಕ್ಕ ಮಾಡುವ ನಿಮ್ಮ 'ಆರ್' ಭಾಷೆ ನಮ್ಮಲ್ಲಿನ್ನೂ ಬದುಕಿದೆ. ಅದಕ್ಕೆ ಸೇರಿಸುವ ಸಿದ್ಧ ಲೆಕ್ಕಗಳ ಪ್ಯಾಕೇಜನ್ನು ನಾವು ಗಂಟು ಎನ್ನುತ್ತೇವೆ. ನೀವು ಇನ್‌ಸ್ಟಾಲ್ ಎನ್ನುವುದು ನಮಗೆ ಮನೆ ತುಂಬಿಸಿಕೊಳ್ಳುವುದು. ಯಾವ ಗಂಟೂ ಒಂಟಿಯಾಗಿ ಬರುವುದಿಲ್ಲವಲ್ಲ, ತಾನು ನೆಚ್ಚಿಕೊಂಡ ಬೇರೆ ಗಂಟುಗಳನ್ನು ನೆಂಟರಂತೆ ಕರೆದುಕೊಂಡೇ ಬರುತ್ತದೆ. ಒಬ್ಬ ನೆಂಟ ಮುನಿಸಿಕೊಂಡರೆ ಇಡೀ ದಿಬ್ಬಣ ಹೊಸ್ತಿಲಲ್ಲೇ ನಿಲ್ಲುತ್ತದೆ. ನಿಮ್ಮ ಕಾಲದಲ್ಲೂ ಹೀಗೇ ಇತ್ತೆಂದು ತಿಳಿದು ನಮಗೆಷ್ಟೋ ಸಮಾಧಾನ.

ನೀವು ಬರೆದ 'ಅಳಿವೆ' ಎಂಬ ಗಂಟೇ ನಮ್ಮೂರಿನ ಅನ್ನ. ಬೆಳಿಗ್ಗೆ ನದಿ ಕಡಲು ಸೇರುವಲ್ಲಿನ ನೀರಿನ ಅಳತೆಗಳನ್ನು ಕೊಟ್ಟರೆ, ಕೆಸರಿನಲ್ಲಿರುವ ಬಳಚು ಎಂಬ ಚಿಪ್ಪಿ ಇಂದು ತಿನ್ನಲು ಯೋಗ್ಯವೋ ಅಲ್ಲವೋ ಹೇಳುತ್ತದೆ. ಅದು ಹೂಂ ಎನ್ನದೆ ಯಾವ ಹೆಂಗಸೂ ಬುಟ್ಟಿ ಹಿಡಿದು ನೀರಿಗಿಳಿಯುವಂತಿಲ್ಲ.

ಗಂಟುಗಳನ್ನೆಲ್ಲ ಕಾಯುವ ಭಂಡಾರದವರು ವರ್ಷಕ್ಕೊಮ್ಮೆ ಪ್ರತಿ ಗಂಟನ್ನು ನೋಡಿಕೊಳ್ಳುವ ಪಾಲಕರನ್ನೂ ಕೇಳುತ್ತಾರೆ, ಇದ್ದೀರಾ ಎಂದು. ಉತ್ತರ ಬಾರದಿದ್ದರೆ ಗಂಟು ಬಳಕೆ ತಪ್ಪಿ ಅಟ್ಟ ಸೇರುತ್ತದೆ. ನಿಮ್ಮ ನಂತರ ನಮ್ಮೂರ ಹೆಂಗಸರು ಸರದಿ ಹಾಕಿಕೊಂಡು ನಿಮ್ಮ ಹೆಸರಿನಲ್ಲೇ 'ಇದ್ದೇನೆ' ಎನ್ನುತ್ತ ಬಂದರು. ಹೆಸರು ಬದಲಿಸಲು ಯಾರಿಗೂ ಮನಸ್ಸು ಬರಲಿಲ್ಲ. ಈ ವರ್ಷ ಭಂಡಾರದ ಹೊಸ ಅಧಿಕಾರಿಯೊಬ್ಬರು ನಿಮ್ಮ ವಯಸ್ಸು ಲೆಕ್ಕ ಹಾಕಿಬಿಟ್ಟರು. ಮುನ್ನೂರರ ಹತ್ತಿರವಿರುವ ಪಾಲಕಿಯನ್ನು ಖುದ್ದಾಗಿ ಕಾಣಬೇಕೆಂದು ಊರಿಗೇ ಬಂದರು.

ನಾವು ಇದ್ದುದನ್ನು ಇದ್ದಂತೆ ಹೇಳಿದೆವು. ಆ ಮನುಷ್ಯ ನಗಲಿಲ್ಲ. ಬರಿದಾದ ಹೊಸ ಯಂತ್ರವೊಂದನ್ನು ಮುಂದಿಟ್ಟು, ಇದರಲ್ಲಿ ಗಂಟನ್ನು ಮನೆ ತುಂಬಿಸಿ ತೋರಿಸಿ, ಇಲ್ಲವಾದರೆ ಅಟ್ಟಕ್ಕೆ ಎಂದರು. ಈ ವರ್ಷದ ಸರದಿ ನನ್ನದು, ಹಾಗಾಗಿ ನಾನೇ ಕೂತೆ. ದಿಬ್ಬಣ ಹೊಸ್ತಿಲಲ್ಲೇ ನಿಂತಿತು. ಬಂದ ನೆಂಟರೆಲ್ಲ ಹೊಸ ಆವೃತ್ತಿಯವರು, ನಿಮ್ಮ ಗಂಟಿಗೆ ಅವರ ಗುರುತೇ ಇಲ್ಲ.

ಆಗ ಹಿಂದೆ ನಿಂತಿದ್ದ ಪಕ್ಕದ ಮನೆಯ ದೇವಕಿ ಬಳಚು ಆರಿಸುವ ಹಾಡು ಎತ್ತಿಕೊಂಡಳು. ಇದು ನಿಮಗೆ ಗೊತ್ತಿರಲಾರದು. ಯಾವ ನೆಂಟನ ಯಾವ ಆವೃತ್ತಿ ಬೇಕೆಂದು ನೀವು ಅಚ್ಚುಕಟ್ಟಾಗಿ ಬರೆದಿದ್ದಿರಲ್ಲ, ಅದನ್ನು ಮರೆಯಬಾರದೆಂದು ನಮ್ಮ ಅಜ್ಜಿಯಂದಿರು ಕೆಲಸದ ಹಾಡು ಮಾಡಿಟ್ಟರು. ಮಿಕ್ಕವರೂ ದನಿಗೂಡಿಸಿದರು. ಅವರು ಹಾಡುತ್ತ ಹೋದಂತೆ ನಾನು ಆ ಹಳೆಯ ಆವೃತ್ತಿಗಳನ್ನು ಭಂಡಾರದ ಅಟ್ಟದಿಂದಲೇ ಒಂದೊಂದಾಗಿ ಕರೆಸಿದೆ. ಹಾಡು ಮುಗಿದಾಗ ಗಂಟು ಒಳಗೆ ಬಂದಿತ್ತು. ಉದಾಹರಣೆಗೆಂದು ನೀವು ಇಟ್ಟ ನಮ್ಮದೇ ಅಳಿವೆಯ ಅಳತೆಗಳನ್ನು ಕೊಟ್ಟೆ. 'ಯೋಗ್ಯ' ಎಂದಿತು. ಗೆದ್ದೆವು, ಸುಗಂಧಿಯವರೇ.

ಹಾಗಾದರೆ ಪಾಲಕರು ಯಾರೆಂದು ಬರೆದುಕೊಳ್ಳಲಿ ಎಂದು ಅಧಿಕಾರಿ ಕೇಳಿದರು.

"ಅವ್ರಿಲ್ದಿದ್ರೆ ಏನಾಯ್ತು, ನಾವಿಲ್ವಾ?" ಎಂದಳು ದೇವಕಿ.

ಅವರು ಊರಿನ ಹೆಸರನ್ನೇ ಬರೆದುಕೊಂಡರು. ಮಧ್ಯಾಹ್ನ ಬಳಚಿನ ಸಾರನ್ನು ಎರಡು ಸಲ ಬಡಿಸಿಕೊಂಡರು.

ಈಗ ಒಂದು ಕೋರಿಕೆ. ಯಾರೂ ಇದನ್ನು ಬಳಸುತ್ತಿಲ್ಲ, ಇನ್ನು ಬಿಟ್ಟುಬಿಡೋಣ ಅನ್ನಿಸುತ್ತಿದೆ ಎಂದು ನಿಮ್ಮ ಕಾಲದ ಈ ವಾರ ನೀವು ಗಂಟಿನೊಳಗೆ ಬರೆದ ಸಾಲನ್ನು ನಾವು ಓದಿದ್ದೇವೆ. ಅದಕ್ಕೇ ಗಂಟಿನ ಮೇಲಿರುವ ನಿಮ್ಮ ವಿಳಾಸಕ್ಕೆ ಈ ಪತ್ರ ಕಳಿಸುತ್ತಿದ್ದೇನೆ. ನಾಳೆ ನಿಮ್ಮ ಕಾಲದ ಭಂಡಾರದವರು ನಿಮ್ಮನ್ನು ಇದ್ದೀರಾ ಎಂದು ಕೇಳುತ್ತಾರೆ. ಇದೊಂದು ಸಲ ಇದ್ದೇನೆ ಎಂದುಬಿಡಿ. ಆಮೇಲೆ ನಾವಿದ್ದೇವೆ.