ತಿನ್ನದ ಅಚಾರ

ಹಿಂದವಾಡಿ, ಬೆಳಗಾವಿ
18 ನವೆಂಬರ್ 2024

ಪ್ರಿಯ ಗೌರೀಶ,

ನಿನಗೆ ಶರಣು. ನನ್ನ ಕಡೆಯ ಜೈ ಜಿನೇಂದ್ರವನ್ನೂ ಅದರ ಬೆನ್ನಿಗೇ ಕಟ್ಟಿ ಕಳಿಸುತ್ತಿದ್ದೇನೆ. ದೀಪಾವಳಿಗೆ ನೀನು ಬರೆದ ಪತ್ರಕ್ಕೆ ಉತ್ತರವಿಲ್ಲ, ಎಂಟು ದಿನದಿಂದ ನಿನ್ನ ಫೋನನ್ನೂ ಎತ್ತಿಲ್ಲ. "ಪಾರ್ಶ್ವ ಮಾಸ್ತರ ಭಾಳ ದೊಡ್ಡ ಮನಷ್ಯಾ ಆಗ್ಯಾನ" ಎಂದು ನೀನು ಖಾನಾಪುರದ ಸ್ಟೇಶನ್ ರೋಡಿನಲ್ಲಿ ಸಾರುತ್ತಿರುವ ಸುದ್ದಿ ಇಲ್ಲಿಗೂ ಬಂದಿದೆ. ಸಾರಪ್ಪಾ, ಸಾರು. ಸಾರಿಗೆ ಬೇಕಾದ ಅನ್ನ ನಾನು ಕೊಡುತ್ತೇನೆ.

ಫೋನ್ ಎತ್ತದಿದ್ದುದಕ್ಕೆ ಕ್ಷಮಿಸು. ಸದ್ಯಕ್ಕೆ ನನಗೆ ಬಾಯಿಗಿಂತ ಕೈಯ ಮೇಲೆ ಭರವಸೆ ಹೆಚ್ಚು. ಹೆದರಿದ್ದೇನೆ. ನನ್ನ ಚಟ ನಿನಗೆ ಗೊತ್ತಲ್ಲ, ನಗಿಸುತ್ತಲೇ ಹೇಳುತ್ತೇನೆ; ಆದರೆ ಹೆದರಿದ್ದೇನೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ದನದ ಡಾಕ್ಟರಾಗಿ ಸರ್ವಿಸ್ ಪೂರ್ತಿ ಬಾಯಿಲ್ಲದ ಪೇಷಂಟುಗಳನ್ನೇ ನೋಡಿದವನು ನೀನು. ಆದ್ದರಿಂದ ನಿನಗೇ ಮೊದಲು.

ಹಿಂದಿನ ವಾರ ಸೊಸೆ ಪ್ರಾಚಿಯ ಹುಟ್ಟುಹಬ್ಬ. ಕ್ಯಾಂಪಿನಲ್ಲಿ 'ಧೌಲಾಗಿರಿ ಕರಿ ಹೌಸ್' ಎಂಬ ಹೊಸ ಹೋಟೆಲ್ ಆಗಿದೆ, ನೇಪಾಳಿ ಊಟವೂ ಉಂಟು, ನಮ್ಮ ದೇಶದ್ದೂ ಉಂಟು. ಫೌಜಿನಿಂದ ನಿವೃತ್ತರಾದ ಗುರುಂಗ್ ಎಂಬವರು ನಡೆಸುತ್ತಾರೆ. "ಮಾವಾರ, ಮೊದ್ಲ ಹೇಳಿದ್ರ ಜೈನ್ ಊಟ ಮಾಡಿ ಕೊಡ್ತಾರಂತ್ರಿ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ ಏನೂ ಹಾಕಂಗಿಲ್ಲಂತ," ಎಂದಳು ಪ್ರಾಚಿ. "ಹಂಗಾದ್ರ ಕರಿಯೊಳಗ ಉಳಿಯೂದು ಬರೇ ಕರೀ ಬಣ್ಣ," ಎಂದೆ ನಾನು. ನಮ್ಮ ಗೃಹಮಂತ್ರಿಗಳು "ಹೊತ್ತು ಮುಳುಗೂದ್ರಾಗ ಉಂಡು ಏಳೂದಿದ್ರ ಬರ್ತೀನಿ, ಇಲ್ಲಂದ್ರ ನೀವ ಹೋಗ್ರಿ" ಎಂಬ ಷರತ್ತು ಹಾಕಿ ಒಪ್ಪಿದರು.

ಹೀಗಾಗಿ ಊರೆಲ್ಲ ಚಹಾ ಕುಡಿಯುವ ಹೊತ್ತಿಗೆ ನಾವು ನಾಲ್ವರು, ಅಂದರೆ ನಾನು, ಗೃಹಮಂತ್ರಿ, ಮಗ ಸೌರಭ, ಪ್ರಾಚಿ, ರಾತ್ರಿಯ ಊಟಕ್ಕೆ ಹೋಗಿ ಕೂತೆವು. ಬೇರೆ ಒಬ್ಬ ಗಿರಾಕಿ ಇರಲಿಲ್ಲ. ಗುರುಂಗ್ ಸಾಹೇಬರು ಬಾಗಿಲಿಗೇ ಬಂದು "ಬರ್ರಿ, ಕುಂದರ್ರಿ" ಎಂದು ತಮಗೆ ಬರುವ ಕನ್ನಡವನ್ನೆಲ್ಲ ನಮ್ಮ ಮೇಲೇ ಖರ್ಚು ಮಾಡಿದರು.

ಊಟ ಚೆನ್ನಾಗಿತ್ತು. ಹಿತ್ತಾಳೆ ತಾಟಿನಲ್ಲಿ ಅನ್ನ, ಕರಿ ಉದ್ದಿನ ದಾಲ್, ಸಾಸಿವೆ ಸೊಪ್ಪಿನ ಪಲ್ಯ, ಪನೀರಿನ ಕರಿ. ಪ್ರಾಚಿಗೆ ಪನೀರ್ ಮೊಮೊ. ನಮ್ಮ ಕಡುಬಿಗೆ ಜುಟ್ಟು ಕಟ್ಟಿದರೆ ಅದೇ. ಬಾಜೂಕ್ಕೆ ಒಬ್ಬೊಬ್ಬರಿಗೂ ಒಂದು ಸಣ್ಣ ಬಟ್ಟಲಲ್ಲಿ ಟೊಮ್ಯಾಟೊ ಅಚಾರ. ಅದರಲ್ಲಿ ತಿಮುರ್ ಎಂಬ ಒಂದು ಕಾಳು ಅರೆದು ಹಾಕುತ್ತಾರೆ. ನಿಮ್ಮ ಖಾನಾಪುರದ ಕಾಡಿನ ತಿರಫಳಕ್ಕೆ ದಾಯಾದಿ ಅದು. ನಾಲಿಗೆಗೆ ತಾಗಿದರೆ ಜುಮ್ಮೆಂದು ಮರಗಟ್ಟಿಸಿಬಿಡುತ್ತದೆ. ನಾನು ಮುನಿಗಳ ಎದುರು ನಿಯಮ ಮಾಡಿ ಉಪ್ಪಿನಕಾಯಿ, ಅಚಾರ ಎಲ್ಲ ಬಿಟ್ಟವನು. ಅಚಾರ ಬಿಟ್ಟವನೇ ಆಚಾರವಂತ ಎಂದು ಕಂಡಕಂಡವರಿಗೆ ಹೇಳಿ ತಿರುಗಿದವನು. ಆ ಬಟ್ಟಲನ್ನು ನಾನು ಮುಟ್ಟಲಿಲ್ಲ. ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿ.

ನಡುವೆ ನೀರು ಬೇಕೆನಿಸಿತು. ಗುರುಂಗ್ ಅವರತ್ತ ತಿರುಗಿ ಕೇಳಿದೆ. ನನ್ನದೇ ದನಿ ನನ್ನ ಕಿವಿಗೆ ಬಿತ್ತು: "ಒಂದ್ ಛತ್ರಿ ಕೊಡ್ರಿ."

ಪ್ರಾಚಿ ಮೊಮೊ ಬಾಯಲ್ಲಿಟ್ಟುಕೊಂಡೇ ನಕ್ಕಳು. "ಯಾಕ್ರಿ ಮಾವಾರ, ದಾಲ್ ಅಷ್ಟು ನೀರಾಗೇತೇನ್ರಿ?"

"ಶುರು ಆತು ನೋಡು ಅಪ್ಪಾಂದು," ಎಂದ ಸೌರಭ.

ಮತ್ತೆ ನೀರು ಕೇಳಿದೆ. ಮತ್ತೆ ಛತ್ರಿಯೇ ಬಂತು. ನೀರು ಕಣ್ಣೆದುರೇ ಜಗ್ಗಿನಲ್ಲಿತ್ತು; ಅದರ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಆಮೇಲೆ ಛತ್ರಿಯೂ ಹೋಯಿತು, ಬರೀ ಒಂದು ಸದ್ದು ಬಂತು. ಅದಕ್ಕೂ ನಕ್ಕರು. ಗುರುಂಗ್ ಸಾಹೇಬರು, ಪಾಪ, ಒಳಗಿಂದ ನಿಜವಾದ ಛತ್ರಿಯನ್ನೇ ತಂದು ನನ್ನ ಕುರ್ಚಿಗೆ ಒರಗಿಸಿ ಸಲ್ಯೂಟ್ ಹೊಡೆದರು. ಸೌರಭ ಕಣ್ಣೊರೆಸಿಕೊಂಡು ನಕ್ಕ. ಜನ್ಮವಿಡೀ ನಗಿಸಿದವನು ಬಾವಿಗೆ ಬಿದ್ದು ಕೂಗಿದರೂ ಜನ ಚಪ್ಪಾಳೆ ತಟ್ಟುತ್ತಾರೆ, ಗೌರೀಶ. ನಾನು ಬಾವಿಯೊಳಗಿಂದ ನನ್ನ ಮಕ್ಕಳ ನಗುವ ಮುಖಗಳನ್ನು ನೋಡುತ್ತಿದ್ದೆ.

ಅಷ್ಟರಲ್ಲಿ ಬಲಗೆನ್ನೆ ನನ್ನದಲ್ಲ ಅನ್ನಿಸಿತು. ತುಟಿ ಮರಗಟ್ಟಿತ್ತು. ಚಮಚ ಕೈಯಿಂದ ಜಾರಿ ಅಚಾರದ ಬಟ್ಟಲಿಗೆ ಬಿತ್ತು. ಮೊದಲು ನಗು ನಿಲ್ಲಿಸಿದ್ದು ಗೃಹಮಂತ್ರಿ. "ಏನ್ರೀ? ಮಾರಿ ಯಾಕ ಹಂಗಾತು?"

ಪ್ರಾಚಿ ಬಟ್ಟಲ ಕಡೆ ಬೆರಳು ತೋರಿಸಿದಳು. "ಅತ್ತೀ, ಮಾವಾರ ಅಚಾರ ತಿಂದಾರ! ನನ್ನ ತುಟಿನೂ ಜುಂ ಅನ್ನಾಕತ್ತಾವ ನೋಡ್ರಿ."

"ನಿಯಮ ಮುರದ್ರಿ?" ಎಂದಳು ಗೃಹಮಂತ್ರಿ. "ಖರೇ ಹೇಳ್ರಿ. ತಿಂದ್ರಿ?"

ನಾನು ಹೌದೆಂದು ತಲೆಯಾಡಿಸಿದೆ. ತಲೆಯಾಡಿಸಲು ಶಬ್ದ ಬೇಕಿರಲಿಲ್ಲ.

ಗುರುಂಗ್ ಸಾಹೇಬರು ಮೊಸರು ತಂದು, ಕೈ ಮುಗಿದು, "ಗಲತಿ ಹೋ ಗಯೀ ಸಾಬ್" ಎಂದರು. ಸ್ವಲ್ಪ ಹೊತ್ತಿನಲ್ಲಿ ಎಲ್ಲ ಸರಿಯಾಯಿತು. ಕಾರಿನಲ್ಲಿ ಮುಖ ಕಿಟಕಿಗೆ ತಿರುಗಿಸಿ, ಯಾರಿಗೂ ಕೇಳದಂತೆ ನೀರು, ನೀರು ಎಂದುಕೊಳ್ಳುತ್ತ ಮನೆಗೆ ಬಂದೆ. ಸೈನಿಕರ ಕ್ಯಾಂಪಿನಲ್ಲಿ ಸೋತು ಬಂದವನು ನಾನೊಬ್ಬನೇ ಇರಬೇಕು.

ಅಂದಿನಿಂದ ಮನೆಯಲ್ಲಿ ನಾನು ಅಪರಾಧಿ. ಗೃಹಮಂತ್ರಿ ಬಯ್ಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಬಸದಿಗೆ ಕರೆದೊಯ್ದು ನಿಲ್ಲಿಸಿದಳು. ನನ್ನ ಪಾಪಕ್ಕೆ ತಾನು ಒಪ್ಪತ್ತು ಹಿಡಿದಿದ್ದಾಳೆ, ದಿನಕ್ಕೆ ಒಂದೇ ಊಟ. "ಈ ವಯಸ್ಸಿನ್ಯಾಗ ನಾಲಿಗಿ ಹಿಡಿತದಾಗ ಇಲ್ಲಂದ್ರ ಹೆಂಗ್ರೀ?" ಎಂದಳು ನಿನ್ನೆ. ಅವಳು ಆಡಿದ್ದು ರುಚಿಯ ಮಾತು. ನನಗೆ ಕೇಳಿಸಿದ್ದು ಛತ್ರಿಯ ಮಾತು. ಅತ್ತ ಗುರುಂಗ್ ಸಾಹೇಬರು ಅಚಾರಕ್ಕೆ ತಿಮುರ್ ಹಾಕುವುದನ್ನೇ ಬಿಟ್ಟಿದ್ದಾರಂತೆ, ಪ್ರಾಚಿ ಹೇಳಿದಳು. ಯಾವ ತಪ್ಪೂ ಮಾಡದ ಕಾಳಿಗೆ ಗಡೀಪಾರು.

ಯಾಕೆ ಸುಮ್ಮನಿದ್ದೀಯೆಂದು ಕೇಳುತ್ತೀ. ನನ್ನಣ್ಣ ನೇಮಣ್ಣನನ್ನು ನೀನು ನೋಡಿದ್ದೆ. ಲಕ್ವಾ ಹೊಡೆದ ಮೇಲೆ ಅವನಿಗೆ ಉಳಿದದ್ದು 'ಆತು' ಎಂಬ ಒಂದೇ ಶಬ್ದ. ಹಸಿದರೂ ಆತು, ಸಿಟ್ಟು ಬಂದರೂ ಆತು. ಮಗಳು ಗಂಡನ ಮನೆಗೆ ಹೊರಟಾಗ ಕಾರಿನ ಕಿಟಕಿ ಹಿಡಿದು ಆತು, ಆತು ಎಂದು ಅತ್ತ. ಸಾಯುವವರೆಗೂ ಅವನಿಗೆ ಉಣ್ಣಿಸಿ, ಮೈ ಒರೆಸಿದವಳು ಈ ನಮ್ಮ ಗೃಹಮಂತ್ರಿಯೇ. ಅವಳ ಸೆರಗಿಗೆ ಇನ್ನೊಂದು ಸಲ ಅದೇ ಗಂಟು ಹಾಕಲೇ? ಅದಕ್ಕಿಂತ ವ್ರತ ಮುರಿದ ಹೊಟ್ಟೆಬಾಕ ಎನಿಸಿಕೊಳ್ಳುವುದು ಅಗ್ಗ. ಆದರೂ ಸ್ನಾನದ ಮನೆಯ ಕನ್ನಡಿಯ ಎದುರು ದಿನವೂ ಹಲ್ಲು ಕಿರಿದು, ತುಟಿ ಎರಡೂ ಕಡೆ ಸಮ ಇದೆಯೇ ಎಂದು ನೋಡುತ್ತೇನೆ. ನನಗೆ ಕೊನೆಗೆ ಉಳಿಯುವ ಶಬ್ದ ಛತ್ರಿಯೇ ಆದರೆ? ನನ್ನ ಹೆಸರಿಗೆ ವಾಯು ಸೇರಿಸಿದರೆ ಯಾವ ರೋಗವಾಗುತ್ತದೆ ಎಂದು ಕಾಲೇಜಿನಲ್ಲಿ ಇಡೀ ಕ್ಲಾಸನ್ನು ನಗಿಸಿದವನು ನೀನು. ಆ ಜೋಕನ್ನು ವಾಪಸು ತಗೋ, ದೋಸ್ತಾ.

ಅಂದೇ ದವಾಖಾನೆಗೆ ಓಡಬೇಕಿತ್ತು ಎಂಬಷ್ಟು ಬುದ್ಧಿ ನನಗೂ ಇದೆ. ಓದಿದವನಿಗೆ ತಿಳಿದಿರುತ್ತದೆ, ಕಾಲು ಏಳಬೇಕಲ್ಲ? ಡಾಕ್ಟರು ಅದಕ್ಕೊಂದು ಹೆಸರಿಟ್ಟರೆಂದರೆ ಮುಗಿಯಿತು, ಅದು ಮನೆಯ ಸದಸ್ಯನೇ. ಒಬ್ಬನೇ ಹೋಗಲು ಧೈರ್ಯವಿಲ್ಲ. ನೀನು ಬಾ. "ಹಲಸಿಯ ಗುಡಿ ನೋಡಾಕ ಹೋಗೂಣು ನಡಿ" ಎಂದು ಮನೆಯವರೆದುರು ಸುಳ್ಳು ಹೇಳು, ನೇರ ಡಾಕ್ಟರ ಬಾಗಿಲಿಗೆ ನಡೆಸಿಕೊಂಡು ಹೋಗು. ಹಗ್ಗ ಬೇಕಾದರೆ ತಾ. ಹಟಮಾರಿ ಹೋರಿಗಳನ್ನು ಎಷ್ಟು ಎಳೆದಿಲ್ಲ ನೀನು!

ಪೂರ್ಣಿಮಾಳಿಗೆ ನನ್ನ ನಮಸ್ಕಾರ. ನಿನ್ನ ಮೊಮ್ಮಗಳಿಗೆ ಮನಸಾರೆ ಆಶೀರ್ವಾದ. ಮಾತು ಕಲಿಯುತ್ತಿದ್ದಾಳೆಂದು ನೀನು ಬರೆದಿದ್ದೆ, ಕಲಿತ ಮಾತೆಲ್ಲ ಕೊನೆತನಕ ಅವಳ ಹತ್ತಿರವೇ ಇರಲಿ.

ನಿನ್ನವನೇ ಆದ,
ಪಾರ್ಶ್ವ

ತಾ.ಕ.: ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ. ನಿಮ್ಮೂರಿಂದ ಇಲ್ಲಿಗೆ ಹಾಲು ತರುವ ಸಾತಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ, ಇವತ್ತೇ ಮುಟ್ಟುತ್ತದೆ. ಮುಟ್ಟಿದ ಕೂಡಲೇ ಹೊರಡು. ಗೃಹಮಂತ್ರಿ, ಗೃಹಮಂತ್ರಿ ಎಂದು ಬರೆದದ್ದನ್ನು ನನ್ನ ಎಂದಿನ ಚೇಷ್ಟೆ ಎಂದುಕೊಂಡೆಯೇನು? ಇಂದು ಬೆಳಿಗ್ಗೆ ಚಹಾ ಕೇಳಲು ಅವಳನ್ನು ಕರೆಯಹೋದೆ, ಹೆಸರು ಬರಲಿಲ್ಲ. ಬಾಯಿಗೂ ಬರಲಿಲ್ಲ, ಈಗ ಪೆನ್ನಿಗೂ ಬರುತ್ತಿಲ್ಲ. ಪೂರ್ಣಿಮಾ ಬರುತ್ತಾಳೆ, ಪ್ರಾಚಿ ಬರುತ್ತಾಳೆ, ಸತ್ತ ನೇಮಣ್ಣನೂ ಬರುತ್ತಾನೆ. ಅವಳೊಬ್ಬಳು ಬರುತ್ತಿಲ್ಲ. ಆಧಾರ್ ಕಾರ್ಡು ಕಪಾಟಿನಲ್ಲಿದೆ, ಅಲ್ಲಿಯತನಕ ಹೋಗಿ ತಿರುಗಿ ಬಂದೆ. ಕೂಡಿ ಬಾಳಿದವಳ ಹೆಸರನ್ನು ಸರ್ಕಾರದ ಕೈಯಿಂದ ಇಸಿದುಕೊಳ್ಳಲು ಮನಸ್ಸಾಗಲಿಲ್ಲ. ನಮ್ಮ ಮೂವರದೂ ಒಂದೇ ಕ್ಲಾಸು, ನೀನು ಇಂದಿಗೂ ಅವಳನ್ನು ಹೆಸರು ಹಿಡಿದೇ ಕರೆಯುವವನು. ಬಂದವನು ಗೇಟಿನ ಹೊರಗೇ ನಿಂತು ಜೋರಾಗಿ ಅವಳನ್ನು ಕರೆ. ನಾನು ಒಳಗೆ ಕೇಳಿಸಿಕೊಳ್ಳುತ್ತೇನೆ.