ಕಚ್ಚುವ ಮೀನನ್ನು ಬೇರೆ ಹಾಕಿದ್ದೇನೆ

ತಮ್ಮಾ,

ನಿನ್ನ ಹೆಂಡತಿಯ ತುಟಿಗೆ ಹೊಲಿಗೆ ಹಾಕಿಸೋಕೆ ಆಸ್ಪತ್ರೆಗೆ ಹೊರಟಿದ್ದೇವೆ. ನೆಲದ ರಕ್ತ ಒರೆಸಿಲ್ಲ. ಅದು ನಿನ್ನ ಕೆಲಸ.

ನಿನ್ನ ಉಪ್ಪುನೀರಿನ ಅಕ್ವೇರಿಯಂನಲ್ಲಿ ಇನ್ನೊಂದು ಹಸಿರು ಮೀನು ಸತ್ತಿದೆ. ಬಾಲ ಹರಿದುಹೋಗಿದೆ, ಒಂದು ಕಣ್ಣೇ ಇಲ್ಲ. "ಗುಂಪಲ್ಲಿ ಬಾಳೋ ಮೀನು ಅಕ್ಕಾ, ಬಲು ಸಾಧು" ಅಂತ ನೀನು ಏಳು ಮೀನು ತಂದಿದ್ದೆ. ಈಗ ಉಳಿದಿರೋದು ಮೂರು. ಪ್ರತಿಸಲ ನೀನು ಕಚ್ಚಿಸಿಕೊಂಡದ್ದನ್ನೇ ಎತ್ತಿ ಗಾಜಿನ ಡಬ್ಬಿಗೆ ಹಾಕಿದೆ. ಅದು ಅಲ್ಲಿ ಒಂಟಿಯಾಗಿ ಸತ್ತಿತು, ಕಚ್ಚಿದ ದೊಡ್ಡದು ಇಲ್ಲಿ ಮುಂದಿನದರ ಬೆನ್ನು ಹತ್ತಿತು. ಭಾರಿ ಬುದ್ಧಿವಂತ ನೀನು! ಇವತ್ತು ದೊಡ್ಡದನ್ನೇ ಡಬ್ಬಿಗೆ ಹಾಕಿದ್ದೇನೆ. ಗಾಜಿಗೆ ಮೂತಿ ಚಚ್ಚಿಕೊಳ್ಳುತ್ತಿದೆ, ಚಚ್ಚಿಕೊಳ್ಳಲಿ. ಉಳಿದೆರಡು ಕಲ್ಲಿನ ಸಂದಿಯಿಂದ ಹೊರಬಂದು ಹೊಟ್ಟೆತುಂಬ ತಿಂದವು.

ಹೋದಸಲ ನೀನು ಹೊಡೆದಾಗ "ನಾಲ್ಕು ದಿನ ತವರಲ್ಲಿರಲಿ" ಅಂತ ನಾನೇ ಅವಳನ್ನು ಬಸ್ಸು ಹತ್ತಿಸಿದ್ದೆ. ನನ್ನ ಕೈಗೆ ಹುಳ ಬೀಳಬೇಕಿತ್ತು. ಈ ಸಲ ಅವಳು ಆಸ್ಪತ್ರೆಯಿಂದ ಈ ಮನೆಗೇ ಬರುತ್ತಾಳೆ. ನಿನ್ನ ಬಟ್ಟೆ ಚೀಲದಲ್ಲಿ ತುಂಬಿ ಬಾಗಿಲ ಹೊರಗಿಟ್ಟಿದ್ದೇನೆ. ಮಧ್ಯಾಹ್ನದೊಳಗೆ ಜಾಗ ಖಾಲಿ ಮಾಡು.

ಗಾಯ ಹೇಗಾಯಿತು ಅಂತ ಡಾಕ್ಟರು ಕೇಳೇ ಕೇಳುತ್ತಾರೆ. ಹೋದಸಲ ಮೆಟ್ಟಿಲಿಂದ ಬಿದ್ದಳು ಅಂದಿದ್ದೆ. ಇವತ್ತು ನಿನ್ನ ಹೆಸರು ಬರೆಸುತ್ತೇನೆ.

ಅಕ್ಕ