ನಮೂನೆ ಏಳಕ್ಕೆ ಬಿದ್ದ ಇನ್ನೂರ ಹನ್ನೆರಡು ಸಹಿ

ಪರಿಸರ ದೂರುಗಳ ಇತ್ಯರ್ಥ ಕಚೇರಿಯ ಮುಖ್ಯಸ್ಥರೇ,

ಮುಟೋಂಡೊ ಹಳ್ಳಿಯವರ ದೂರನ್ನು ತಾವು ವಜಾ ಮಾಡಿದ್ದೀರಿ. ತಾಮ್ರದ ಗಣಿಯ ತ್ಯಾಜ್ಯದ ಕಟ್ಟೆ ಒಡೆದು ಹೊಳೆಯೂ ಬಾವಿಗಳೂ ಕೆಟ್ಟದ್ದು ನಿಜವಂತೆ. ಆದರೆ ಇನ್ನೂರ ಹನ್ನೆರಡು ಮಂದಿ ‘ಪರಿಹಾರ ಕಾರ್ಯ ತೃಪ್ತಿಕರ’ ಎಂದು ನಮೂನೆ ಏಳಕ್ಕೆ ಸಹಿ ಹಾಕಿದ್ದಾರಂತೆ. ಆದ್ದರಿಂದ ಗಣಿ ಕಂಪನಿ ಕುಡಿಯುವ ನೀರಿನ ಟ್ಯಾಂಕರನ್ನು ಈ ತಿಂಗಳ ಕೊನೆಗೆ ನಿಲ್ಲಿಸಬಹುದಂತೆ. ಆಮೇಲೆ ಆ ಜನ ಏನು ಕುಡಿಯಬೇಕು, ತಮ್ಮ ಆದೇಶದ ಪ್ರತಿಯನ್ನೇ?

ನಾನೇನು ಈ ವಿಷಯಕ್ಕೆ ಹೊಸಬಳಲ್ಲ. ಕಂಪನಿಗಳು ಮತ್ತು ಮಾನವ ಹಕ್ಕುಗಳ ಕಾನೂನನ್ನು ಇಪ್ಪತ್ತಾರು ವರ್ಷ ಪಾಠ ಮಾಡಿದ್ದೇನೆ. ಎಲ್ಲಿ ಕಟ್ಟೆ ಒಡೆದರೂ, ಎಲ್ಲಿ ಎಣ್ಣೆ ಸೋರಿದರೂ ನನಗೆ ಕರೆ ಬರುತ್ತದೆ. ಹೋಗುತ್ತೇನೆ, ಸತ್ತ ಮೀನು ನೋಡುತ್ತೇನೆ, ವರದಿ ಬರೆಯುತ್ತೇನೆ. ಮುಂದಿನ ಅನಾಹುತದವರು ಆ ವರದಿಯನ್ನು ಉಲ್ಲೇಖಿಸಿ ಇನ್ನೊಂದು ವರದಿ ಕೇಳುತ್ತಾರೆ. ಸಾಕಾಗಿಹೋಗಿದೆ ಸ್ವಾಮಿ. ತಮ್ಮ ಆದೇಶ ಬರೆದ ಅಧಿಕಾರಿಯೂ ನನ್ನ ಶಿಷ್ಯನೇ. ಭಾಷೆ ಅಚ್ಚುಕಟ್ಟಾಗಿದೆ, ಪರೀಕ್ಷೆಯಲ್ಲಾಗಿದ್ದರೆ ಒಳ್ಳೆಯ ಅಂಕವನ್ನೇ ಕೊಡುತ್ತಿದ್ದೆ.

ಆದೇಶ ಓದಿದ ಮರುದಿನವೇ ಮುಟೋಂಡೊಗೆ ಹೋದೆ. ಅದು ನನ್ನ ತಾಯಿಯ ಊರು, ನಾನು ಹುಟ್ಟಿದ್ದೂ ಅಲ್ಲೇ. ಹೊಳೆದಂಡೆಯಲ್ಲಿ ಸೊಪ್ಪು ಬೆಳೆಯುತ್ತಿದ್ದ ಬಾನಾ ಸಂಪಾ, ಅಂದರೆ ಸಂಪಾನ ತಾಯಿ, ನನ್ನನ್ನು ಎತ್ತಿ ಆಡಿಸಿದವರು.

“ಬಂದ್ಯಾ ಡಾಕ್ಟ್ರೇ? ಹೆಸರಿಗಷ್ಟೇ ಡಾಕ್ಟ್ರು, ಕೈಲಿ ಒಂದು ಮಾತ್ರೆನೂ ಇಲ್ಲ,” ಎಂದು ಎಂದಿನಂತೆ ರೇಗಿಸಿದರು.

“ಆ ಕಾಗದಕ್ಕೆ ಯಾಕೆ ಸಹಿ ಹಾಕಿದ್ರಿ?” ಎಂದೆ.

“ಅಯ್ಯೋ, ಕಂಪನಿಯೋರ ಸಭೆ ಮುಗಿದ ಮೇಲೆ ಊಟ ಇಟ್ಟಿದ್ರು ಕಣೇ. ನ್ಶಿಮಾ ಮುದ್ದೆ, ಕೋಳಿ ಸಾರು. ತಟ್ಟೆ ತಗೊಳೋ ಮುಂಚೆ ಹೆಸರು ಬರೀರಿ ಅಂದ್ರು. ಉಣ್ಣೋರು ಎಷ್ಟು ಜನ ಅಂತ ನೋಡ್ತಾರೆ ಅಂದ್ಕೊಂಡ್ವಿ. ಕೋಳಿ ಕಾಲು ತಿಂದ್ರೆ ಬಾವಿ ಸರಿಹೋಯ್ತು ಅಂತ ಯಾರಿಗೆ ಗೊತ್ತು?”

“ಮೇಲೆ ಬರೆದಿದ್ದನ್ನ ಯಾರೂ ಓದ್ಲಿಲ್ವಾ?”

“ಮೇಷ್ಟ್ರು ಓದೋಕೆ ಹೋದ್ರು. ಕೆಳಗೆ ನಿನ್ನ ಹೆಸರಿತ್ತಲ್ಲ! ನಮ್ಮ ನ್ಕಾಂಡು ಬರ್ದಿದ್ದು, ಅದ್ರಲ್ಲಿ ಓದೋದೇನಿದೆ, ಊಟ ಆರುತ್ತೆ ಬನ್ನಿ ಅಂತ ನಾನೇ ಕರ್ಕೊಂಡ್ಬಂದೆ.”

ಹೌದು, ಹೆಸರಿದೆ. ಹನ್ನೊಂದು ವರ್ಷದ ಹಿಂದೆ ತಮ್ಮ ಕಚೇರಿಗೆ ಆ ನಮೂನೆ ಬರೆದುಕೊಟ್ಟವಳು ನಾನೇ. ಜನರನ್ನು ಕೇಳದೆ ಯಾರೂ ಕಡತ ಮುಚ್ಚಬಾರದೆಂದು ಸಹಿಯ ಜಾಗ ಇಟ್ಟೆ. ಸಹಿ ಹಾಕುವವರಿಗೆ ಅವರ ಭಾಷೆಯಲ್ಲಿ ಓದಿ ಹೇಳಬೇಕೆಂಬ ಒಂದು ಸಾಲನ್ನು ಮಾತ್ರ ಹಾಕಲಿಲ್ಲ. ವಿಮಾನ ನಿಲ್ದಾಣದಲ್ಲಿ ಕೂತು ಬರೆದದ್ದು, ಆತುರವಿತ್ತು. ಇದನ್ನು ಬಾನಾ ಸಂಪಾ ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ನಾಚಿಕೆಯಾಯಿತು.

ತಿಂಗಳು ಮುಗಿಯಲು ಒಂಬತ್ತು ದಿನವಿದೆ. ಆದೇಶವನ್ನು ತಡೆಹಿಡಿಯಿರಿ. ತಾವೇ ಹಳ್ಳಿಗೆ ಬಂದು, ಊಟಕ್ಕೆ ಮೊದಲು, ಒಬ್ಬೊಬ್ಬರನ್ನೂ ಕೇಳಿ. ನಮೂನೆ ಏಳು ದೋಷಪೂರ್ಣ, ದೋಷ ನನ್ನದು ಎಂದು ತಮ್ಮೆದುರು ಪ್ರಮಾಣ ಮಾಡಿ ಹೇಳುತ್ತೇನೆ. ಕಂಪನಿಯ ವಕೀಲರು ಎಷ್ಟು ಬೇಕಾದರೂ ಪಾಟೀಸವಾಲು ಮಾಡಲಿ. ಹೀಗೆ ಬರೆದುಕೊಟ್ಟರೆ ನಾಳೆ ನಿನ್ನನ್ನು ಯಾರು ಕರೆಯುತ್ತಾರೆ ಎಂದು ಗೆಳೆಯರು ಕೇಳುತ್ತಿದ್ದಾರೆ. ಕರೆಯದಿರಲಿ. ಹುಟ್ಟಿದೂರಿಗೆ ಒಂದು ಟ್ಯಾಂಕರ್ ನೀರನ್ನೂ ಉಳಿಸಿಕೊಡಲಾಗದ ಪಾಂಡಿತ್ಯ ಇದ್ದರೇನು, ಹೋದರೇನು?

ಇಂತಿ,
ತಮ್ಮಂಥವರ ಉತ್ತರಕ್ಕೆ ಕಾದು ಕಾದು ಅಭ್ಯಾಸವಾದ,
ನ್ಕಾಂಡು ಲೊಂಬೆ
ಕಾನೂನು ಅಧ್ಯಾಪಕಿ